ಕ್ರಿಮಿ ಕಾಣದ ಇಲಿಗಳ ಹಲ್ಲು

ಹಲ್ಲಿನ ಬೇರಿನೊಳಗೆ ಕೆಟ್ಟುಹೋದ ತಿರುಳನ್ನು ತೆಗೆದು, ಆ ಜಾಗವನ್ನು ತುಂಬಿ, ಹಲ್ಲನ್ನು ಬಾಯಲ್ಲೇ ಉಳಿಸಿಕೊಳ್ಳುವ ಕೆಲಸ ಇನ್ನೂರು ವರ್ಷಕ್ಕೂ ಹಳೆಯದು. ಆದರೆ ತಿರುಳು ಕೆಟ್ಟು ಸಾಯುವುದು ಯಾತರಿಂದ ಎಂಬ ಪ್ರಶ್ನೆಗೆ ಅಲುಗಾಡದ ಉತ್ತರ ಸಿಕ್ಕಿದ್ದು 1965ರಲ್ಲಿ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾದಲ್ಲಿ, 36 ಇಲಿಗಳ ದವಡೆಯಿಂದ. ಅಲ್ಲಿಯವರೆಗೂ ವೈದ್ಯರು ಚಿಕಿತ್ಸೆ ಮಾಡುತ್ತಲೇ ಇದ್ದರು. ಯಾವ ರೋಗಕ್ಕೆ ಮಾಡುತ್ತಿದ್ದೇವೆ ಎಂಬುದು ಮಾತ್ರ ಖಚಿತವಿರಲಿಲ್ಲ. ಇದು ಗೊತ್ತಿಲ್ಲದ್ದರಿಂದಲೇ ಒಂದಿಡೀ ತಲೆಮಾರಿನ ಲೆಕ್ಕವಿಲ್ಲದಷ್ಟು ಜನ ತಮ್ಮ ಹಲ್ಲು ಕಳೆದುಕೊಂಡರು. ಇವತ್ತಿಗೂ ರೂಟ್ ಕೆನಾಲ್ ಎಂದೊಡನೆ ಬೆದರಿ, ‘ಅದೆಲ್ಲ ಬೇಡ ಡಾಕ್ಟ್ರೇ, ಕಿತ್ತುಬಿಡಿ’ ಎನ್ನುವವರು ನಮ್ಮ ಊರುಗಳಲ್ಲಿ ತುಂಬ ಮಂದಿ ಇದ್ದಾರೆ. ಈ ಕತೆ ಅವರಿಗೆ ತಲುಪಬೇಕು.

ಮೊದಲು ತಿರುಳಿನ ಮಾತು. ಹಲ್ಲಿನ ಹೊರಗಿನ ಬಿಳಿ ಕವಚವಾದ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದದ್ದು. ಅದರ ಕೆಳಗೆ ಡೆಂಟಿನ್. ಡೆಂಟಿನ್ನಿನ ನಡುವೆ ಒಂದು ಪುಟ್ಟ ಕೋಣೆ, ಆ ಕೋಣೆಯಿಂದ ಪ್ರತಿ ಬೇರಿನ ತುದಿಯವರೆಗೂ ಇಳಿಯುವ ಸಣ್ಣ ನಾಳ. ಕೋಣೆ, ನಾಳ ಎರಡರ ತುಂಬ ರಕ್ತನಾಳ, ನರ, ಜೀವಕೋಶಗಳಿರುವ ಮೆತ್ತನೆಯ ತಿರುಳು. ಕೈಗೋ ಕಾಲಿಗೋ ಪೆಟ್ಟು ಬಿದ್ದರೆ ಮಾಂಸ ಊದಿಕೊಳ್ಳಲು ಜಾಗವಿರುತ್ತದೆ. ತಿರುಳಿಗೆ ಆ ಭಾಗ್ಯವಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ನೆನೆಹಾಕಿದ ಕಡಲೆಯಂತೆ ಉಬ್ಬಿ ಉಬ್ಬಿ ತನ್ನನ್ನು ತಾನೇ ಅದುಮಿಕೊಳ್ಳುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ರಾತ್ರಿಯ ಹಲ್ಲುನೋವು ಹಗಲಿನದಕ್ಕಿಂತ ಘೋರ. ಆ ನೋವನ್ನು ಉಂಡವರಿಗೆ ಅದನ್ನು ವರ್ಣಿಸಿ ಹೇಳಬೇಕಿಲ್ಲ.

ಈ ನೋವಿಗೆ ಮನುಷ್ಯ ಮೊದಲು ಕೊಟ್ಟ ಕಾರಣ ಹುಳು. ಹಲ್ಲಿನ ಬುಡದಲ್ಲಿ ಮನೆಮಾಡಿಕೊಂಡು ರಕ್ತ ಹೀರುವ ಹುಳುವಿನ ಕತೆ ಬ್ಯಾಬಿಲೋನಿಯಾದ ಜೇಡಿಮಣ್ಣಿನ ಫಲಕಗಳಲ್ಲಿದೆ. ನಮ್ಮ ಸುಶ್ರುತ ಸಂಹಿತೆ ಹಲ್ಲಿನ ರೋಗಗಳಲ್ಲಿ ಕೃಮಿದಂತವನ್ನು ಎಣಿಸುತ್ತದೆ. ಹುಳುವನ್ನು ಹೊರಡಿಸಲು ಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಬಾಯಿಗೆ ಹೊಗೆ ಹಿಡಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿತ್ತು. ಯುರೋಪಿನಲ್ಲಿ ಹೆನ್‌ಬೇನ್ ಎಂಬ ಗಿಡದ ಬೀಜದಿಂದ ಇದೇ ಕೆಲಸ ಮಾಡುತ್ತಿದ್ದರು. ಬಿಸಿಗೆ ಬೀಜ ಸಿಡಿದು ಒಳಗಿನ ಮೊಳಕೆ ಬಿಳಿಯ ಎಳೆಯಾಗಿ ಈಚೆ ಬೀಳುತ್ತಿತ್ತು. ನೋವಿನಲ್ಲಿದ್ದವನಿಗೆ ಅದೇ ಹುಳುವಾಗಿ ಕಂಡರೆ ತಪ್ಪೇನು?

ಹುಳುವನ್ನು ನಿಜವಾಗಿ ಹುಡುಕಿ ನೋಡಿದವರು ಫ್ರಾನ್ಸಿನ ಪಿಯೇರ್ ಫೋಶಾರ್. 1728ರಲ್ಲಿ ಅವರು ಪ್ರಕಟಿಸಿದ ಎರಡು ಸಂಪುಟಗಳ ಗ್ರಂಥದಿಂದಲೇ ಇಂದಿನ ದಂತವೈದ್ಯ ಶುರುವಾಯಿತೆನ್ನುತ್ತಾರೆ. ಹುಳುಕು ಹಲ್ಲನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೂ ಯಾವ ಹುಳುವೂ ಕಾಣಲಿಲ್ಲ ಎಂದು ಅವರು ಬರೆದರು. ಕೀವು ತುಂಬಿದ ಹಲ್ಲನ್ನು ಕೊರೆದು, ಸೂಜಿಯಿಂದ ದಾರಿ ಮಾಡಿ ಕೀವು ಹರಿಯಬಿಟ್ಟರು. ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟು, ನೋವು ಅಡಗಿದ ಮೇಲೆ ಸೀಸದ ತಗಡಿನಿಂದ ತುಂಬಿದರು. ಕೀಳದೆಯೂ ಹಲ್ಲಿನ ನೋವು ಕಳೆಯಬಹುದೆಂದು ತೋರಿಸಿದ್ದು ದೊಡ್ಡ ಮಾತು. ಆದರೆ ಹುಳುವನ್ನು ಅವರು ತಳ್ಳಿಹಾಕಿದರೇ ವಿನಾ ಅದರ ಜಾಗದಲ್ಲಿ ನಿಲ್ಲಿಸಲು ಬೇರೆ ಕಾರಣ ಅವರ ಕಾಲದಲ್ಲಿ ಸಿಗುವಂತಿರಲಿಲ್ಲ.

ಮುಂದಿನ ನೂರೈವತ್ತು ವರ್ಷ ಕೈಚಳಕ ಬೆಳೆಯಿತು. ಫಿಲಡೆಲ್ಫಿಯಾದ ಎಡ್ವರ್ಡ್ ಹಡ್ಸನ್ 1809ರ ಸುಮಾರಿಗೆ ಬೇರಿನ ನಾಳಕ್ಕೆ ಚಿನ್ನದ ರೇಕು ತುಂಬಿದರು. 1836ರಲ್ಲಿ ಸ್ಪೂನರ್ ಎಂಬ ವೈದ್ಯರು ತಿರುಳನ್ನು ಆರ್ಸೆನಿಕ್ ಇಟ್ಟು ಸಾಯಿಸುವ ಉಪಾಯ ಹೇಳಿಕೊಟ್ಟರು. ವಿಷ ಒಮ್ಮೊಮ್ಮೆ ಹಲ್ಲನ್ನು ದಾಟಿ ದವಡೆಯ ಮೂಳೆಯನ್ನೇ ತಿನ್ನುತ್ತಿತ್ತು, ಆದರೂ ಇಪ್ಪತ್ತನೇ ಶತಮಾನದವರೆಗೂ ಅದು ಬಳಕೆಯಲ್ಲಿ ಉಳಿಯಿತು. ಚುಚ್ಚುಮದ್ದಿನಿಂದ ಮರಗಟ್ಟಿಸುವ ವಿದ್ಯೆ ಬರುವ ಮುಂಚೆ ಜೀವಂತ ತಿರುಳನ್ನು ಕೀಳುವ ನೋವು ಎಂಥದ್ದಿರಬೇಕೆಂದು ಯೋಚಿಸಿದರೆ, ಆ ವಿಷವನ್ನು ಜನ ಯಾಕೆ ಒಪ್ಪಿದರೆಂದು ತಿಳಿಯುತ್ತದೆ. 1838ರಲ್ಲಿ ಎಡ್ವರ್ಡ್ ಮೇನಾರ್ಡ್ ಗಡಿಯಾರದ ಸ್ಪ್ರಿಂಗನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡಿ, ತಿರುಳನ್ನು ಹೊರಗೆಳೆಯುವ ಕಡ್ಡಿ ಮಾಡಿಕೊಂಡರು. ಇದೇ ಮೇನಾರ್ಡ್ ಬಂದೂಕಿನ ಸುಧಾರಣೆಗಳಿಗೂ ಹೆಸರಾದವರು. ನ್ಯೂಯಾರ್ಕಿನ ಸ್ಯಾನ್‌ಫರ್ಡ್ ಬಾರ್ನಮ್ 1864ರಲ್ಲಿ ರಬ್ಬರ್ ಹಾಳೆಗೆ ತೂತು ಮಾಡಿ ಹಲ್ಲಿಗೆ ತೊಡಿಸಿದರು. ಹಾಳೆಯ ಈಚೆ ಹಲ್ಲು, ಆಚೆ ಬಾಯಿ ಮತ್ತು ಎಂಜಲು. ಅದಕ್ಕೆ ಪೇಟೆಂಟ್ ಪಡೆಯದೆ ಎಲ್ಲ ದಂತವೈದ್ಯರಿಗೂ ಉಚಿತವಾಗಿ ಬಿಟ್ಟುಕೊಟ್ಟ ಅವರ ಔದಾರ್ಯ ನೆನೆಯುವಂಥದು. ಅವರ ಉದ್ದೇಶ ಹಲ್ಲನ್ನು ಒಣಗಿಸಿಡುವುದಷ್ಟೇ ಆಗಿತ್ತು. ಆ ಹಾಳೆ ತಡೆಯುತ್ತಿದ್ದದ್ದು ಇನ್ನೂ ದೊಡ್ಡದೊಂದನ್ನು ಎಂಬುದು ನೂರು ವರ್ಷದ ಮೇಲೆ ಸಾಬೀತಾಗಬೇಕಿತ್ತು.

1867ರಲ್ಲಿ ಬೋಮನ್ ಎಂಬ ಅಮೆರಿಕದ ದಂತವೈದ್ಯರು ಬೇರಿನ ನಾಳವನ್ನು ಗಟ್ಟಾ ಪರ್ಚಾದಿಂದ ತುಂಬಿದರು. ಅದು ಮಲಯ ಸೀಮೆಯ ಒಂದು ಮರದ ಹಾಲು, ಬಿಸಿಗೆ ಮೆತ್ತಗಾಗಿ ತಣಿದರೆ ಗಟ್ಟಿಯಾಗುತ್ತದೆ. ಆ ಕಾಲದ ಸಮುದ್ರದಡಿಯ ತಂತಿಗಳಿಗೆ ಹೊದಿಸುತ್ತಿದ್ದದ್ದೂ ಅದನ್ನೇ. ಅದೇ ಕುಲದ ಮರ ನಮ್ಮ ಪಶ್ಚಿಮಘಟ್ಟದ ಮಳೆಕಾಡಿನಲ್ಲೂ ಇದೆ. ಇವತ್ತು ಹುಬ್ಬಳ್ಳಿಯಲ್ಲಾಗಲಿ ಬೋಸ್ಟನ್ನಿನಲ್ಲಾಗಲಿ ರೂಟ್ ಕೆನಾಲ್ ಮಾಡಿಸಿಕೊಂಡವರ ಹಲ್ಲಿನೊಳಗೆ ಹೆಚ್ಚಾಗಿ ಇರುವುದು ಈ ಮರದ ಹಾಲೇ.

ಅಮೆರಿಕದ ಒಹಾಯೊದಲ್ಲಿ ಹುಟ್ಟಿ ಬರ್ಲಿನ್ನಿನಲ್ಲಿ ನೆಲೆಸಿದ ವಿಲೊಬಿ ಮಿಲ್ಲರ್ ಅಪರಾಧಿಯನ್ನು ಮೊದಲು ಕಣ್ಣಾರೆ ಕಂಡರು. ರಾಬರ್ಟ್ ಕಾಕ್ ಅವರ ರೋಗಾಣು ವಿಜ್ಞಾನವನ್ನು ಬಾಯಿಗೆ ತಂದವರು ಇವರು. ಬಾಯಿಯ ಸೂಕ್ಷ್ಮಜೀವಿಗಳ ಮೇಲೆ 1890ರಲ್ಲಿ ಗ್ರಂಥ ಬರೆದರು. 1894ರಲ್ಲಿ, ಸತ್ತ ತಿರುಳಿನಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾಗಳಿರುವುದನ್ನು ವರದಿ ಮಾಡಿದರು. ಅವುಗಳಲ್ಲಿ ಎಷ್ಟೋ ಜೀವಿಗಳು ಗಾಜಿನ ತಟ್ಟೆಯಲ್ಲಿ ಬೆಳೆಯಲೊಪ್ಪಲಿಲ್ಲ. ಇಲ್ಲೇ ಕತೆ ತೊಡಕಾಗುವುದು. ಸತ್ತ ತಿರುಳಿನಲ್ಲಿ ಕ್ರಿಮಿ ಇದೆ ಎಂದರೆ ಕ್ರಿಮಿಯೇ ಕೊಂದಿತು ಎಂದಾಗುವುದಿಲ್ಲ. ತಿರುಳು ಬೇರೆ ಯಾವುದರಿಂದಲೋ ಸತ್ತು, ಆಮೇಲೆ ಕ್ರಿಮಿ ಸೇರಿಕೊಂಡಿರಬಹುದು. ಈ ಸಂದೇಹ ಮುಂದಿನ ಎಪ್ಪತ್ತು ವರ್ಷ ಜೀವಂತವಾಗಿತ್ತು.

ಅಷ್ಟರಲ್ಲಿ ಎಕ್ಸ್-ರೇ ಬಂತು. ರಾಂಟ್ಜನ್ ಅದನ್ನು ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಕೆಲವೇ ವಾರಗಳಲ್ಲಿ ಜರ್ಮನಿಯ ಓಟ್ಟೊ ವಾಲ್ಕ್‌ಹೋಫ್ ಗಾಜಿನ ತಟ್ಟೆಯನ್ನು ತಮ್ಮ ಬಾಯಲ್ಲೇ ಕಚ್ಚಿಕೊಂಡು 25 ನಿಮಿಷ ಕೂತು ಹಲ್ಲಿನ ಚಿತ್ರ ತೆಗೆಸಿದರು. ಅದನ್ನು ಬೇರಿನ ಚಿಕಿತ್ಸೆಗೆ ತಂದವರು ನ್ಯೂ ಆರ್ಲಿಯನ್ಸ್ ನಗರದ ಎಡ್ಮಂಡ್ ಕೆಲ್ಸ್. 1899ರಲ್ಲಿ ಅವರು ನಾಳದೊಳಗೆ ಸೀಸದ ತಂತಿ ಇಳಿಸಿ ಚಿತ್ರ ತೆಗೆದು, ಬೇರಿನ ತುದಿ ಎಲ್ಲಿದೆ, ತಂತಿ ಎಷ್ಟು ದೂರ ಹೋಗಿದೆ ಎಂದು ಅಳೆದರು. ಅಲ್ಲಿಯವರೆಗೆ ಕುರುಡಾಗಿ ಮಾಡುತ್ತಿದ್ದ ಕೆಲಸಕ್ಕೆ ಕಣ್ಣು ಬಂತು. ಆದರೆ ಆ ಕಿರಣದ ಅಪಾಯ ಆಗ ಯಾರಿಗೂ ತಿಳಿದಿರಲಿಲ್ಲ. ಕೆಲ್ಸ್ ತಮ್ಮ ಕೈಯಿಂದಲೇ ಫಿಲ್ಮ್ ಹಿಡಿಯುತ್ತಿದ್ದರು, ತಮ್ಮ ಕೈಯನ್ನೇ ಇಟ್ಟು ಯಂತ್ರವನ್ನು ಹದ ಮಾಡುತ್ತಿದ್ದರು. ಕೈಗೆ ಕ್ಯಾನ್ಸರ್ ಹಿಡಿಯಿತು. ಮೊದಲು ಬೆರಳು ಹೋದವು, ಆಮೇಲೆ ಕೈ, ತೋಳು. 1928ರಲ್ಲಿ ಅವರು ಸತ್ತರು. ಹಲ್ಲಿನ ಎಕ್ಸ್-ರೇ ತೆಗೆಯುವಾಗ ಇಂದು ವೈದ್ಯರು ಫಿಲ್ಮನ್ನು ತಮ್ಮ ಬೆರಳಿನಲ್ಲಿ ಹಿಡಿಯದೆ ಕೋಣೆಯಿಂದ ಆಚೆ ಸರಿಯುವುದರ ಹಿಂದೆ ಇಂಥವರ ಬದುಕಿದೆ.

ಕೆಲ್ಸ್ ಅವರನ್ನು ಕೊನೆಯವರೆಗೂ ಕಾಡಿದ ಇನ್ನೊಂದು ನೋವಿತ್ತು. ತಾವು ತಂದ ಎಕ್ಸ್-ರೇಯನ್ನೇ ಹಿಡಿದು ಜನ ರಾಶಿರಾಶಿ ಹಲ್ಲು ಕೀಳುತ್ತಿದ್ದದ್ದು ಅದು. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ಕೀವು ತುಂಬಿದ ಬೇರುಗಳ ಮೇಲೆ ಚಿನ್ನದ ಕ್ಯಾಪ್ ಕೂರಿಸುವ ದಂತವೈದ್ಯವನ್ನು ಖಂಡಿಸಿದ್ದರು. ಅವರು ಕಂಡ ಕೊಳಕು ನಿಜವಾದದ್ದೇ. ಆದರೆ ಅವರ ಮಾತು ಹರಡುತ್ತಾ ಹರಡುತ್ತಾ ಇನ್ನೊಂದಾಯಿತು. ಬೇರಿನಲ್ಲಿ ಅಡಗಿದ ಸೋಂಕಿನಿಂದಲೇ ಸಂಧಿವಾತ, ಹೃದಯದ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಬರುತ್ತವೆ, ಹಾಗಾಗಿ ತಿರುಳು ಸತ್ತ ಹಲ್ಲೆಲ್ಲ ಕೀಳಬೇಕು ಎಂಬ ಸಿದ್ಧಾಂತವಾಗಿ ಬೆಳೆಯಿತು. ಶಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್ ಅದಕ್ಕೆ ವೈದ್ಯಕೀಯದ ಮುದ್ರೆ ಒತ್ತಿದರು. ಕ್ಲೀವ್‌ಲ್ಯಾಂಡಿನ ವೆಸ್ಟನ್ ಪ್ರೈಸ್, ರೋಗಿಗಳಿಂದ ಕಿತ್ತ ಹಲ್ಲನ್ನು ಮೊಲಗಳ ಚರ್ಮದಡಿ ಇಟ್ಟು ಹೊಲಿದು, ಮೊಲಕ್ಕೂ ಅದೇ ರೋಗ ಬಂತೆಂದು 1923ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಹುಚ್ಚು ವಾಸಿಯಾಗುತ್ತದೆಂದು ರೋಗಿಗಳ ಹಲ್ಲು ಕೀಳಿಸಿದರು. ವಾಸಿಯಾಗದಿದ್ದಾಗ ದೇಹದ ಒಳಗಿನ ಅಂಗಗಳಿಗೂ ಕತ್ತರಿ ಹಾಕಿದರು. ಎಷ್ಟೋ ರೋಗಿಗಳು ಸತ್ತರು.

ಈ ಅಧ್ಯಾಯ ಓದುವಾಗ ಸಿಟ್ಟು ಬರುತ್ತದೆ. ಅವರಲ್ಲಿ ಹೆಚ್ಚಿನವರು ದುಷ್ಟರಾಗಿರಲಿಲ್ಲ, ಒಂದು ಅಂದಾಜನ್ನು ಪರೀಕ್ಷಿಸದೆ ನಂಬಿದವರು. ಪ್ರೈಸ್ ಪ್ರಯೋಗಗಳಲ್ಲಿ ಹೋಲಿಸಿ ನೋಡಲು ಸರಿಯಾದ ಏರ್ಪಾಡಿರಲಿಲ್ಲ. ಕೀಳುವಾಗ ಒಸಡಿನ ಕ್ರಿಮಿಗಳು ಹಲ್ಲಿಗೆ ಮೆತ್ತಿಕೊಳ್ಳುವುದನ್ನು ತಡೆದಿರಲಿಲ್ಲ. ಬ್ರಿಟನ್ನಿನ ಫಿಶ್ ಮತ್ತು ಮ್ಯಾಕ್ಲೀನ್ 1936ರಲ್ಲಿ ಇದನ್ನೇ ತೋರಿಸಿದರು: ಕೀಳಲು ಹಲ್ಲನ್ನು ಅಲುಗಾಡಿಸುವಾಗ ಒಸಡಿನ ಕ್ರಿಮಿಗಳು ಒಳಕ್ಕೆ ತಳ್ಳಲ್ಪಡುತ್ತವೆ, ಆಮೇಲೆ ಪರೀಕ್ಷಿಸಿದರೆ ಆರೋಗ್ಯವಂತ ಹಲ್ಲಿನಲ್ಲೂ ಅವು ಸಿಗುತ್ತವೆ. 1938ರಲ್ಲಿ ಸೆಸಿಲ್ ಮತ್ತು ಆಂಜೆವೈನ್ ಸಂಧಿವಾತದ 200 ರೋಗಿಗಳನ್ನು ಪರಿಶೀಲಿಸಿ, ಹಲ್ಲು ಮತ್ತು ಟಾನ್ಸಿಲ್ ತೆಗೆಸಿಕೊಂಡಿದ್ದರಿಂದ ಅವರಿಗೆ ಹೇಳಿಕೊಳ್ಳುವಂಥ ಉಪಯೋಗವಾಗಿಲ್ಲ ಎಂದರು. ಅಲ್ಲಿಂದ ಗಾಳಿ ತಿರುಗಿತು. 1943ರಲ್ಲಿ ಶಿಕಾಗೋದಲ್ಲಿ ಬೇರಿನ ಚಿಕಿತ್ಸೆಯನ್ನೇ ಮುಖ್ಯವಾಗಿಟ್ಟುಕೊಂಡ ದಂತವೈದ್ಯರ ಸಂಘ ಹುಟ್ಟಿತು. ಪ್ರೈಸ್ ಮೊಲಗಳ ಕತೆ ಮಾತ್ರ ಇನ್ನೂ ಸತ್ತಿಲ್ಲ. ರೂಟ್ ಕೆನಾಲ್‌ನಿಂದ ಕ್ಯಾನ್ಸರ್ ಬರುತ್ತದೆಂದು ಇಂದು ಫೋನಿನಿಂದ ಫೋನಿಗೆ ಹಾರುವ ಸಂದೇಶಗಳ ಮೂಲ ಆ 1923ರ ಗ್ರಂಥದ ಕಡೆಗೇ ಹೋಗುತ್ತದೆ.

ತಿರುಳನ್ನು ಕೊಲ್ಲುವುದು ಯಾರು ಎಂಬ ಪ್ರಶ್ನೆ ಹಾಗೆಯೇ ನಿಂತಿತ್ತು. ಕೊರೆಯುವ ಪೆಟ್ಟು, ಕೊರೆಯುವಾಗಿನ ಬಿಸಿ, ತುಂಬುವ ವಸ್ತುವಿನ ಖಾರ, ಒಳಗೆ ಸಿಕ್ಕಿಕೊಂಡ ಆಹಾರದ ಚೂರು, ಹೀಗೆ ಒಬ್ಬೊಬ್ಬರು ಒಂದೊಂದನ್ನು ದೂರುತ್ತಿದ್ದರು. ನಾಳದ ಖಾಲಿ ಜಾಗದಲ್ಲಿ ನಿಂತು ಕೊಳೆಯುವ ದ್ರವವೇ ಬೇರಿನ ತುದಿಯನ್ನು ಕೆರಳಿಸುತ್ತದೆಂಬ ವಾದವೂ 1931ರಿಂದ ಚಾಲ್ತಿಯಲ್ಲಿತ್ತು. ಇವೆಲ್ಲವನ್ನೂ ಹಾಗೇ ಬಿಟ್ಟು ಕ್ರಿಮಿಯೊಂದನ್ನೇ ತೆಗೆದುಬಿಟ್ಟರೆ ಏನಾಗುತ್ತದೆ? ಆದರೆ ಬಾಯಿಯಲ್ಲಿ ಒಂದೂ ಕ್ರಿಮಿಯಿಲ್ಲದ ಪ್ರಾಣಿಯನ್ನು ಎಲ್ಲಿಂದ ತರುವುದು?

ಅಂಥ ಪ್ರಾಣಿಯನ್ನು ಅಷ್ಟರಲ್ಲಿ ಬೇರೆಯವರು ಸಿದ್ಧಮಾಡಿದ್ದರು. ಅಮೆರಿಕದ ನೋಟರ್‌ಡೇಮ್ ವಿಶ್ವವಿದ್ಯಾಲಯದಲ್ಲಿ ಇಲಿಮರಿಗಳನ್ನು ಶಸ್ತ್ರಕ್ರಿಯೆಯಿಂದ ಹೊರತೆಗೆದು, ಗಾಳಿ, ನೀರು, ಆಹಾರ ಎಲ್ಲವನ್ನೂ ಕ್ರಿಮಿಶುದ್ಧ ಮಾಡಿ, ಮುಚ್ಚಿದ ತೊಟ್ಟಿಗಳಲ್ಲಿ ಸಾಕುವ ವಿದ್ಯೆ ಬೆಳೆದಿತ್ತು. ತೊಟ್ಟಿಗೆ ಕೂಡಿಸಿದ ಉದ್ದ ಕೈಗವಸಿನೊಳಗೆ ಕೈ ತೂರಿಸಿಯೇ ಇಲಿಯನ್ನು ಮುಟ್ಟಬೇಕು. ಆ ಇಲಿಗಳಿಗೆ ಬೇಕಾದಷ್ಟು ಸಕ್ಕರೆ ತಿನ್ನಿಸಿದರೂ ಹಲ್ಲು ಹುಳುಕಾಗುವುದಿಲ್ಲವೆಂದು ಫ್ರಾಂಕ್ ಓರ್ಲಾಂಡ್ ಮತ್ತು ಸಂಗಡಿಗರು 1954ರಲ್ಲಿ ತೋರಿಸಿದ್ದರು.

ಬೆಥೆಸ್ಡಾದ ರಾಷ್ಟ್ರೀಯ ದಂತ ಸಂಶೋಧನಾ ಸಂಸ್ಥೆಯ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜ್‌ಜೆರಾಲ್ಡ್ ಎಂಬ ಮೂವರು ತಿರುಳಿನ ಪ್ರಶ್ನೆಗೆ ಉತ್ತರ ಹುಡುಕಲು ಇಂಥ ಇಲಿಗಳನ್ನು ಕೈಗೆತ್ತಿಕೊಂಡರು. ಕ್ರಿಮಿರಹಿತ ಇಲಿಗಳು 21, ಸಾಮಾನ್ಯ ಇಲಿಗಳು 15. ಅರಿವಳಿಕೆ ಕೊಟ್ಟು, ಪ್ರತಿಯೊಂದರ ಮೇಲ್ದವಡೆಯ ಮೊದಲ ಅರೆಯುವ ಹಲ್ಲನ್ನು ಕೊರೆದು ತಿರುಳು ತೆರೆದರು. ಮುಚ್ಚಲಿಲ್ಲ, ಮದ್ದು ಹಚ್ಚಲಿಲ್ಲ. ಇಲಿಗಳು ಎಂದಿನಂತೆ ತಿಂದವು, ತೂತಿಗೆ ಆಹಾರ ಗಿಡಿದುಕೊಂಡಿತು. ಒಂದು ದಿನದಿಂದ 42 ದಿನದವರೆಗೆ ಬೇರೆ ಬೇರೆ ಅವಧಿಗೆ ಹಲ್ಲುಗಳನ್ನು ಪರೀಕ್ಷಿಸಿದರು.

ಸಾಮಾನ್ಯ ಇಲಿಗಳಲ್ಲಿ ಎಂಟನೇ ದಿನಕ್ಕೆ ತಿರುಳಿನ ಮೇಲ್ಭಾಗ ಸತ್ತಿತ್ತು. ಆಮೇಲೆ ಬೇರಿನವರೆಗೂ ಕೊಳೆತು ತುದಿಯಲ್ಲಿ ಕೀವುಗಟ್ಟಿತು. ಕ್ರಿಮಿರಹಿತ ಇಲಿಗಳಲ್ಲಿ ಒಂದೇ ಒಂದು ತಿರುಳೂ ಸಾಯಲಿಲ್ಲ. ಅದೇ ಪೆಟ್ಟು, ಅದೇ ತೂತು, ಅದೇ ಆಹಾರದ ಚೂರು. ಹದಿನಾಲ್ಕನೇ ದಿನದ ಹೊತ್ತಿಗೆ ಗಾಯದ ಮೇಲೆ ಹೊಸ ಡೆಂಟಿನ್ ಕಟ್ಟತೊಡಗಿತ್ತು. ನಾಲ್ಕು ವಾರದೊಳಗೆ ತೂತನ್ನು ತಿರುಳು ತಾನೇ ಮುಚ್ಚಿಕೊಂಡಿತ್ತು. ನನ್ನ ಮಟ್ಟಿಗೆ ದಂತವಿಜ್ಞಾನದ ಇತಿಹಾಸದಲ್ಲಿ ಇದಕ್ಕಿಂತ ಸುಂದರವಾದ ಪ್ರಯೋಗವಿಲ್ಲ. ಕೊಲ್ಲುವುದು ಕ್ರಿಮಿ ಎಂಬುದರ ಜೊತೆಗೇ, ಕ್ರಿಮಿಯ ಕಾಟವಿಲ್ಲದಿದ್ದರೆ ತಿರುಳಿಗೆ ತನ್ನನ್ನು ತಾನು ವಾಸಿಮಾಡಿಕೊಳ್ಳುವ ಶಕ್ತಿಯಿದೆ ಎಂಬುದನ್ನೂ ಅದು ತೋರಿಸಿತು.

ಮನುಷ್ಯರಲ್ಲೂ ಹೀಗೆಯೇ ಎಂದು ತೋರಿಸಿದ್ದು ಸ್ವೀಡನ್ನಿನ ಊಮಿಯೋ ವಿಶ್ವವಿದ್ಯಾಲಯದ ಗೋರಾನ್ ಸುಂಡ್‌ಕ್ವಿಸ್ಟ್, 1976ರಲ್ಲಿ. ಪೆಟ್ಟು ಬಿದ್ದು ತಿರುಳು ಸತ್ತಿದ್ದರೂ ಹೊರಗೆ ಹುಳುಕಿಲ್ಲದ 32 ಹಲ್ಲುಗಳನ್ನು ಅವರು ಆರಿಸಿದರು. ಮಿಲ್ಲರ್ ಕೈಯಲ್ಲಿ ಬೆಳೆಯದಿದ್ದಂಥ ಜೀವಿಗಳನ್ನು ಆಮ್ಲಜನಕ ಸೋಕದಂತೆ ಬೆಳೆಸುವ ವಿಧಾನ ಆಗ ಬಂದಿತ್ತು. ಬೇರಿನ ತುದಿಯ ಮೂಳೆ ಕರಗಿದ್ದ ಹಲ್ಲುಗಳಲ್ಲಿ ಕ್ರಿಮಿ ಸಿಕ್ಕಿತು. ತಿರುಳು ಸತ್ತಿದ್ದರೂ ಕ್ರಿಮಿ ಹೊಗದಿದ್ದ ಹಲ್ಲುಗಳಲ್ಲಿ ಮೂಳೆ ನೆಟ್ಟಗಿತ್ತು.

ಇಷ್ಟು ತಿಳಿದ ಮೇಲೆ ಚಿಕಿತ್ಸೆಯ ಅರ್ಥವೇ ಸ್ಪಷ್ಟವಾಯಿತು. ‘ನರ ಸಾಯಿಸುತ್ತಾರೆ’ ಎಂದು ನಾವು ಹೇಳುತ್ತೇವೆ. ನಿಜವಾಗಿ ನಡೆಯುವುದು ಕ್ರಿಮಿಯನ್ನು, ಅದಕ್ಕೆ ಆಹಾರವಾಗುವ ಕೆಟ್ಟ ತಿರುಳನ್ನು ತೆಗೆದು, ಕ್ರಿಮಿ ಮತ್ತೆ ಬಾರದಂತೆ ಮುಚ್ಚುವ ಕೆಲಸ. ಸಪೂರ ಫೈಲುಗಳಿಂದ ನಾಳವನ್ನು ಉಜ್ಜುವುದು, ಸೋಡಿಯಂ ಹೈಪೋಕ್ಲೋರೈಟ್ ಹಾಕಿ ಮತ್ತೆ ಮತ್ತೆ ತೊಳೆಯುವುದು, ರಬ್ಬರ್ ಹಾಳೆ ತೊಡಿಸುವುದು, ಕೊನೆಗೆ ಗಟ್ಟಾ ಪರ್ಚಾ ತುಂಬಿ ಮೇಲೆ ಬಿಗಿಯಾದ ಫಿಲ್ಲಿಂಗ್ ಮತ್ತು ಕ್ಯಾಪ್ ಕೂರಿಸುವುದು, ಎಲ್ಲವೂ ಅದಕ್ಕಾಗಿಯೇ. ಚಿಕಿತ್ಸೆ ಮುಗಿದು ನೋವು ಹೋಯಿತೆಂದು ಕ್ಯಾಪ್ ಹಾಕಿಸದೆ ಬಿಡುವವರು ನಮ್ಮಲ್ಲಿ ಬಹಳ. ದವಡೆ ಹಲ್ಲಾದರೆ ಅದು ಸೀಳಿಹೋಗುವ ಸಾಧ್ಯತೆ ಹೆಚ್ಚು, ತುಂಬಿದ ನಾಳಕ್ಕೆ ಎಂಜಲು ಮತ್ತೆ ಇಳಿಯುತ್ತದೆ.

ಚಿಕಿತ್ಸೆ ಬೇಕೋ ಬೇಡವೋ ಎಂಬ ತೀರ್ಮಾನ ಕೂಡ, ತಿರುಳು ಇನ್ನೂ ಚೇತರಿಸಿಕೊಳ್ಳಬಲ್ಲದೇ ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ತಣ್ಣೀರು ತಾಗಿದಾಗ ಜುಮ್ಮೆಂದು, ನೀರು ನುಂಗಿದೊಡನೆ ನಿಂತುಹೋದರೆ ತಿರುಳು ಕೆರಳಿದೆ ಅಷ್ಟೆ. ಹುಳುಕು ತೆಗೆದು ಫಿಲ್ಲಿಂಗ್ ಮಾಡಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಬಿಸಿ ಕಾಫಿಗೋ ತಣ್ಣೀರಿಗೋ ಎದ್ದ ನೋವು ಲೋಟ ಕೆಳಗಿಟ್ಟ ಮೇಲೂ ಹೊತ್ತುಗಟ್ಟಲೆ ಮಿಡಿಯುತ್ತಿದ್ದರೆ, ಏನೂ ತಾಗದೆ ತಾನಾಗಿ ಶುರುವಾದರೆ, ನಡುರಾತ್ರಿ ಎಬ್ಬಿಸಿದರೆ, ತಿರುಳು ಹಿಂದಿರುಗಲಾರದಷ್ಟು ಕೆಟ್ಟಿರುವ ಸಂಭವ ಹೆಚ್ಚು. ಆಮೇಲೊಂದು ದಿನ ನೋವು ಪೂರ್ತಿ ನಿಂತುಹೋಗಬಹುದು. ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ಘಟ್ಟವೇ. ಮೆಡಿಕಲ್ ಶಾಪಿನ ಮಾತ್ರೆಯಿಂದ ವಾಸಿಯಾಯಿತೆಂದು ಜನ ನಂಬುತ್ತಾರೆ, ಆದರೆ ನೋವು ಹೇಳುವ ನರವೇ ಸತ್ತಿರುತ್ತದೆ. ಸತ್ತ ತಿರುಳಿಗೆ ರಕ್ತ ಸಂಚಾರವಿಲ್ಲ, ಹಾಗಾಗಿ ನುಂಗಿದ ಆ್ಯಂಟಿಬಯಾಟಿಕ್ ನಾಳದೊಳಗಿನ ಕ್ರಿಮಿಯನ್ನು ಮುಟ್ಟುವುದೇ ಇಲ್ಲ. ಕ್ರಿಮಿಗಳು ಸದ್ದಿಲ್ಲದೆ ಬೇರಿನ ತುದಿಯ ಮೂಳೆ ಕರಗಿಸುತ್ತವೆ. ಹಲ್ಲು ಕಪ್ಪಿಡುವುದು, ಕಚ್ಚಿದರೆ ನೋಯುವುದು, ಒಸಡಿನ ಮೇಲೆ ಆಗಾಗ ಎದ್ದು ಒಡೆಯುವ ಕೀವಿನ ಗುಳ್ಳೆ ಅದರ ಸುಳಿವುಗಳು. ಎಷ್ಟೋ ಸಲ ಯಾವ ಸುಳಿವೂ ಇಲ್ಲದೆ ಎಕ್ಸ್-ರೇಯಲ್ಲಿ ಮಾತ್ರ ಕಾಣುತ್ತದೆ. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ನಾಳೆಯವರೆಗೆ ಕಾಯಬಾರದು, ಆಸ್ಪತ್ರೆಗೆ ಓಡಬೇಕು. ಬೇರು ಉದ್ದುದ್ದ ಸೀಳಿದ್ದರೆ, ಅಥವಾ ಕ್ಯಾಪ್ ಹಿಡಿಯಲು ಬೇಕಾದಷ್ಟು ಹಲ್ಲೇ ಉಳಿದಿಲ್ಲದಿದ್ದರೆ ಕೀಳುವುದೇ ಸರಿ.

ಬೆಥೆಸ್ಡಾದ ಇಲಿಗಳು ತೋರಿಸಿದ್ದರ ಇನ್ನೊಂದು ಭಾಗ, ಅಂದರೆ ತಿರುಳು ತಾನೇ ಮಾಗಬಲ್ಲದೆಂಬುದು, ಚಿಕಿತ್ಸಾಲಯಕ್ಕೆ ನಿಧಾನವಾಗಿ ಬರುತ್ತಿದೆ. ಸ್ಟಾಕ್‌ಹೋಮಿನ ಮಿಯೊಮಿರ್ ಸ್ವೆಕ್ 1978ರಲ್ಲಿ, ಬಿದ್ದು ಮುರಿದು ತಿರುಳು ತೆರೆದಿದ್ದ ಮಕ್ಕಳ 60 ಹಲ್ಲುಗಳ ವರದಿ ಕೊಟ್ಟರು. ತಿರುಳಿನ ಮೇಲಿನ ಒಂದೆರಡು ಮಿಲಿಮೀಟರ್ ಮಾತ್ರ ತೆಗೆದು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹಚ್ಚಿ ಭದ್ರವಾಗಿ ಮುಚ್ಚಿದಾಗ ನೂರಕ್ಕೆ 96ರಷ್ಟು ವಾಸಿಯಾಗಿದ್ದವು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ಮಹಮೂದ್ ತೊರಾಬಿನೆಜಾದ್ ರೂಪಿಸಿದ ಎಂಟಿಎ ಎಂಬ ಸಿಮೆಂಟು ಬಂದ ಮೇಲೆ ಮುಚ್ಚುವುದು ಇನ್ನೂ ಬಿಗಿಯಾಯಿತು. ಹೊಸದಾಗಿ ಹುಟ್ಟಿದ ಶಾಶ್ವತ ಹಲ್ಲಿನ ಬೇರಿನ ತುದಿ ಕೂಡಿಕೊಳ್ಳಲು ಸುಮಾರು ಮೂರು ವರ್ಷ ಬೇಕು. ಅಷ್ಟರೊಳಗೆ ತಿರುಳು ಸತ್ತರೆ ಬೇರು ತೆಳ್ಳಗೆ, ಗಿಡ್ಡಗೆ ಉಳಿದುಬಿಡುತ್ತದೆ. ಹಾಗಾಗಿ ಏಳೆಂಟು ವರ್ಷದ ಮಗು ಆಟದಲ್ಲಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡರೆ ಅದೇ ದಿನ ದಂತವೈದ್ಯರ ಹತ್ತಿರ ಕರೆದೊಯ್ದು ‘ತಿರುಳು ಬದುಕಿದೆಯೇ, ಉಳಿಸಬಹುದೇ’ ಎಂದು ಕೇಳಬೇಕು. ರೂಟ್ ಕೆನಾಲ್ ಮಾತು ಅದಾದ ಮೇಲೆ.